ಮೂಳೆ ಕೂಡಿದ ನಂತರದ ಚಿಕಿತ್ಸೆ: ಫಿಸಿಯೋಥೆರಪಿ ಮತ್ತು ಗ್ರಾಮ ಪಂಚಾಯಿತಿಯ ಪಾತ್ರ

(ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಅವಗಾಹನೆಗಾಗಿ)

ದ್ವಿಚಕ್ರ ವಾಹನದಿಂದ ಬಿದ್ದವರು, ಅಡಿಕೆ ಮರದಿಂದ ಜಾರಿದವರು, ಬಚ್ಚಲಿನಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿದುಕೊಂಡ ವೃದ್ಧರು ಇಲ್ಲದ ವಾರ್ಡು ಯಾವ ಪಂಚಾಯಿತಿಯಲ್ಲಿಯೂ ಇರಲಾರದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿಂದಾಗಿ ಶಸ್ತ್ರಚಿಕಿತ್ಸೆಯ ವೆಚ್ಚದ ಹೊರೆ ಬಡ ಕುಟುಂಬಗಳಿಗೆ ಕಡಿಮೆಯಾಗಿದೆ. ಆದರೆ ಎಕ್ಸ್-ರೇಯಲ್ಲಿ ಮೂಳೆ ಕೂಡಿರುವುದು ಕಂಡ ದಿನವೇ ಚಿಕಿತ್ಸೆ ಮುಗಿಯಿತೆಂದು ಭಾವಿಸಿ ಅನೇಕರು ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸುತ್ತಾರೆ. ಕೆಲವು ತಿಂಗಳ ತರುವಾಯ ಅದೇ ವ್ಯಕ್ತಿ, ಮಡಚಲು ಬಾರದ ಮೊಣಕಾಲಿನೊಡನೆ ಪಂಚಾಯಿತಿ ಕಚೇರಿಗೆ ಬಂದು, ವಿಕಲಚೇತನರ ಮಾಸಾಶನಕ್ಕೆ ಅರ್ಜಿ ಸಲ್ಲಿಸುವುದು ಹೇಗೆಂದು ವಿಚಾರಿಸುತ್ತಾರೆ. ಈ ನಡುವಿನ ಅವಧಿಯಲ್ಲಿ ಆಗಬೇಕಾಗಿದ್ದ ಕೆಲಸದ ಹೆಸರು ಫಿಸಿಯೋಥೆರಪಿ.

ಕಾಮಗಾರಿಗಳನ್ನು ನೋಡಿ ಅಭ್ಯಾಸವಿರುವ ಸದಸ್ಯರಿಗೆ ಒಂದು ಹೋಲಿಕೆ ಉಪಯುಕ್ತವಾಗಬಹುದು. ಕಾಂಕ್ರೀಟ್ ಹಾಕಿದ ಮೇಲೆ ಸೆಂಟ್ರಿಂಗ್ ಅಲುಗದಂತೆ ನೋಡಿಕೊಂಡು ಕ್ಯೂರಿಂಗ್ ಮಾಡಿದರೆ 28 ದಿನಗಳಲ್ಲಿ ಅದು ನಿಗದಿತ ಬಲವನ್ನು ಪಡೆಯುತ್ತದೆ. ಮುರಿದ ಮೂಳೆಗೂ ಆರಂಭದ ವಾರಗಳಲ್ಲಿ ಇಂಥದೇ ನಿಶ್ಚಲತೆ ಬೇಕು. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಮೂಳೆ ಜೀವಂತ ವಸ್ತು. ತನ್ನ ಮೇಲೆ ಬೀಳುವ ಭಾರಕ್ಕೆ ಅನುಗುಣವಾಗಿ ಅದು ತನ್ನನ್ನು ಪುನಃ ಕಟ್ಟಿಕೊಳ್ಳುತ್ತದೆಂಬುದನ್ನು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿಯೇ ಪ್ರತಿಪಾದಿಸಿದ್ದರು. ಭಾರವೇ ಬೀಳದ ಮೂಳೆ ಕ್ರಮೇಣ ಸವೆಯುತ್ತದೆ. ತೊಡೆಯ ಸ್ನಾಯುಗಳು ಕೆಲವೇ ವಾರಗಳಲ್ಲಿ ಕಣ್ಣಿಗೆ ಕಾಣುವಷ್ಟು ಬಡವಾಗುತ್ತವೆ. ಕೀಲಿನೊಳಗಿನ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ. ಹಿಂಡಿ ಬಿಟ್ಟ ಸ್ಪಂಜು ನೀರು ಹೀರುವಂತೆ, ಕೀಲು ಆಡಿದಾಗಲೇ ಅದು ಸುತ್ತಲಿನ ದ್ರವದಿಂದ ಪೋಷಣೆ ಪಡೆಯುತ್ತದೆ. ಕೀಲಿನ ಸುತ್ತಲಿನ ಪೊರೆಯು ಆಡದೆ ಉಳಿದರೆ ಕುಗ್ಗಿ ಬಿಗಿಯುತ್ತದೆ. ಆರಂಭದ ವಾರಗಳಲ್ಲಿ ಮೃದುವಾಗಿರುವ ಈ ಬಿಗಿತವು ತಿಂಗಳುಗಳು ಉರುಳಿದಂತೆ ಗಟ್ಟಿಯಾಗಿ, ಕೊನೆಗೆ ಅರಿವಳಿಕೆ ಕೊಟ್ಟು ಕೀಲನ್ನು ಬಿಡಿಸಬೇಕಾದ ಸ್ಥಿತಿಯೂ ಬರಬಹುದು.

ಫಿಸಿಯೋಥೆರಪಿ ಎಂದರೆ ಎಣ್ಣೆ ಹಚ್ಚಿ ತಿಕ್ಕುವುದೆಂಬ ತಪ್ಪು ಕಲ್ಪನೆ ಗ್ರಾಮಗಳಲ್ಲಿ ವ್ಯಾಪಕವಾಗಿದೆ. ಅದರ ಮುಖ್ಯ ಅಂಗ ರೋಗಿಯೇ ಪ್ರತಿದಿನ ಮಾಡುವ, ಅಳತೆಯುಳ್ಳ ವ್ಯಾಯಾಮ. ಪ್ಲಾಸ್ಟರ್ ಹಾಕಿರುವಾಗಲೇ ಅದು ಆರಂಭವಾಗುತ್ತದೆ: ಮಣಿಕಟ್ಟಿಗೆ ಪ್ಲಾಸ್ಟರ್ ಇದ್ದರೆ ಬೆರಳು ಹಾಗೂ ಭುಜವನ್ನು ಆಡಿಸುವುದು, ಕಾಲಿಗೆ ಇದ್ದರೆ ಕಾಲ್ಬೆರಳನ್ನು ಆಡಿಸುವುದು, ತೊಡೆಯ ಸ್ನಾಯುವನ್ನು ಐದು ಎಣಿಸುವವರೆಗೆ ಬಿಗಿಹಿಡಿದು ಸಡಿಲಿಸುವುದು. ಪ್ಲಾಸ್ಟರ್ ತೆಗೆದ ಮೇಲೆ ಕೀಲು ಮಡಚುವ ವ್ಯಾಯಾಮ, ಬಳಿಕ ಬಲದ ವ್ಯಾಯಾಮ, ಕಡೆಗೆ ಆಯಾ ವ್ಯಕ್ತಿಯ ಉದ್ಯೋಗಕ್ಕೆ ಬೇಕಾದ ಚಲನೆ. ಕಾಲಿನ ಮೇಲೆ ಯಾವಾಗ, ಎಷ್ಟು ಭಾರ ಹಾಕಬಹುದೆಂಬುದನ್ನು ಮಾತ್ರ ಶಸ್ತ್ರವೈದ್ಯರೇ ನಿರ್ಧರಿಸತಕ್ಕದ್ದು. ಮೊಣಕೈಗೆ ಪೆಟ್ಟಾದಾಗ ಬಲವಾಗಿ ತಿಕ್ಕಿಸುವುದು, ಎಳೆಸುವುದು ವಿಶೇಷವಾಗಿ ಅಪಾಯಕಾರಿ. ಸ್ನಾಯುವಿನೊಳಗೇ ಮೂಳೆ ಬೆಳೆದು ಕೈ ಶಾಶ್ವತವಾಗಿ ಸೆಟೆಯುವ ಸಂಭವವಿದೆ.

ಚೇತರಿಕೆಯನ್ನು ಫಿಸಿಯೋಥೆರಪಿಸ್ಟರು ಕೋನಮಾಪಕದಿಂದ ಅಳೆಯುತ್ತಾರೆ. ಈ ಅಳತೆಯನ್ನು ಸದಸ್ಯರು ಅವಶ್ಯವಾಗಿ ತಿಳಿದಿರಬೇಕೆಂಬುದು ನನ್ನ ಅಭಿಪ್ರಾಯ. ಸಮತಟ್ಟಾದ ನೆಲದಲ್ಲಿ ನಡೆಯಲು ಮೊಣಕಾಲು ಸುಮಾರು 60ರಿಂದ 70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲು ಹತ್ತಿಳಿಯಲು, ಕುರ್ಚಿಯಿಂದ ಏಳಲು 90 ಡಿಗ್ರಿಯ ಆಸುಪಾಸು ಬೇಕು. ಕುಕ್ಕರಗಾಲಿನಲ್ಲಿ ಕೂರಲು 120 ಡಿಗ್ರಿಗೂ ಮೀರಿ ಮಡಚಬೇಕು. ಮೇಜು ಕುರ್ಚಿಯಲ್ಲಿ ದುಡಿಯುವವರಿಗೆ 100 ಡಿಗ್ರಿ ಬಂದರೆ ಜೀವನ ಬಹುಮಟ್ಟಿಗೆ ಹಳಿಗೆ ಬಂದಂತೆ. ಹಾಲು ಕರೆಯುವವರಿಗೆ, ಕಳೆ ಕೀಳುವವರಿಗೆ, ನೆಲದ ಮೇಲೆ ಕುಳಿತು ಉಣ್ಣುವವರಿಗೆ, ಭಾರತೀಯ ಮಾದರಿಯ ಶೌಚಾಲಯ ಬಳಸುವವರಿಗೆ ಅಷ್ಟು ಸಾಲದು. ಎಂದರೆ ನಮ್ಮ ಗ್ರಾಮಸ್ಥರಿಗೆ ನಗರದವರಿಗಿಂತ ಹೆಚ್ಚಿನ ಫಿಸಿಯೋಥೆರಪಿ ಅಗತ್ಯವಿದೆ, ದೊರೆಯುತ್ತಿರುವುದು ಕಡಿಮೆ.

ನಾನು ಕಾರ್ಯನಿರ್ವಹಿಸುವ ಪಂಚಾಯಿತಿಯ ಓರ್ವ ಹೈನುಗಾರರಿಗೆ ಬೈಕ್ ಅಪಘಾತದಲ್ಲಿ ತೊಡೆಯ ಮೂಳೆ ಮುರಿದು ರಾಡ್ ಅಳವಡಿಸಲಾಗಿತ್ತು. ನಾಲ್ಕು ತಿಂಗಳಿಗೆ ಮೂಳೆ ಚೆನ್ನಾಗಿ ಕೂಡಿತ್ತು, ಮೊಣಕಾಲು ಮಾತ್ರ ಲಂಬಕೋನದ ಅರ್ಧದಷ್ಟೂ ಮಡಚುತ್ತಿರಲಿಲ್ಲ. ನೋವಾದರೆ ಮೂಳೆ ಮತ್ತೆ ಬಿಟ್ಟೀತೆಂಬ ಭಯದಿಂದ ಮನೆಯವರು ಅವರನ್ನು ಮಂಚದಿಂದ ಇಳಿಯಗೊಟ್ಟಿರಲಿಲ್ಲ. ಆಶಾ ಕಾರ್ಯಕರ್ತೆಯ ಒತ್ತಾಯದ ಮೇರೆಗೆ ವಾರಕ್ಕೆ ಎರಡು ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಿಬಂದು, ಉಳಿದ ದಿನ ಮನೆಯಲ್ಲಿ ವ್ಯಾಯಾಮ ಮಾಡಿದ ಫಲವಾಗಿ ಎರಡೂವರೆ ತಿಂಗಳಲ್ಲಿ ಮೊಣಕಾಲು 105 ಡಿಗ್ರಿಯವರೆಗೆ ಬಂದಿತು. ಈಗ ಗಿಡ್ಡ ಮಣೆಯ ಬದಲು ಎತ್ತರದ ಸ್ಟೂಲಿನ ಮೇಲೆ ಕುಳಿತು ಹಾಲು ಕರೆಯುತ್ತಾರೆ. ಕುಕ್ಕರಗಾಲಿನಲ್ಲಿ ಕೂರುವುದು ಇಂದಿಗೂ ಸಾಧ್ಯವಾಗಿಲ್ಲ. ಎರಡನೆಯ ತಿಂಗಳಲ್ಲಿಯೇ ಆರಂಭಿಸಿದ್ದರೆ ಇನ್ನಷ್ಟು ದೊರೆಯುತ್ತಿತ್ತೆಂದು ಫಿಸಿಯೋಥೆರಪಿಸ್ಟರು ತಿಳಿಸಿದರು.

ನೋವಿನ ಬಗ್ಗೆ ಸರಳ ನಿಯಮವೊಂದಿದೆ. ವ್ಯಾಯಾಮದ ವೇಳೆ ಉಂಟಾದ ನೋವು ಒಂದೆರಡು ಗಂಟೆಗಳಲ್ಲಿ ಇಳಿದರೆ ಮುಂದುವರಿಸಬಹುದು. ಮರುದಿನ ಬೆಳಿಗ್ಗೆ ನೋವು, ಊತ ಹೆಚ್ಚಿದ್ದರೆ ಪ್ರಮಾಣ ಕಡಿಮೆ ಮಾಡಿ ಸಲಹೆ ಪಡೆಯಬೇಕು. ಆದರೆ ಪ್ಲಾಸ್ಟರಿನಾಚೆಯ ಬೆರಳುಗಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ಮೀನಖಂಡದಲ್ಲಿ ಊತದೊಡನೆ ನೋವು ಕಾಣಿಸಿದರೆ ಅಥವಾ ಇದ್ದಕ್ಕಿದ್ದಂತೆ ಉಸಿರುಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಊರುಗೋಲನ್ನು ಬಹುತೇಕರು ಪೆಟ್ಟಾದ ಕಾಲಿನ ಕಡೆಯ ಕೈಯಲ್ಲಿಯೇ ಹಿಡಿಯುತ್ತಾರೆ. ವಾಸ್ತವವಾಗಿ ಅದು ವಿರುದ್ಧ ಕೈಯಲ್ಲಿರಬೇಕು. ಒಂದೇ ಕಾಲಿನ ಮೇಲೆ ನಿಂತಾಗ ಸೊಂಟ ವಾಲದಂತೆ ಆ ಬದಿಯ ಸ್ನಾಯುಗಳು ಬಲವಾಗಿ ಎಳೆಯುವುದರಿಂದ ಸೊಂಟದ ಕೀಲಿನ ಮೇಲಿನ ಒತ್ತಡ ದೇಹದ ತೂಕದ ಎರಡು ಪಟ್ಟನ್ನೂ ಮೀರುತ್ತದೆ. ವಿರುದ್ಧ ಕೈಯ ಕೋಲು ಕೀಲಿನಿಂದ ದೂರದಲ್ಲಿರುವ ಕಾರಣ, ಉದ್ದ ಸನ್ನೆಕೋಲಿನಂತೆ, ಅಲ್ಪ ಬಲದಿಂದಲೇ ಆ ಒತ್ತಡವನ್ನು ತಗ್ಗಿಸುತ್ತದೆ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಲಿ. ಮೆಟ್ಟಿಲು ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು.

ವೃದ್ಧರ ವಿಷಯ ಬೇರೆ. ಸೊಂಟದ ಶಸ್ತ್ರಚಿಕಿತ್ಸೆಯ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುವುದು ಇಂದು ಸಾಮಾನ್ಯ ವೈದ್ಯಕೀಯ ಕ್ರಮ. "ವಯಸ್ಸಾದವರು, ಮಲಗಿರಲಿ" ಎಂಬ ಕರುಣೆಯು ಹಾಸಿಗೆ ಹುಣ್ಣು, ನ್ಯುಮೋನಿಯಾ ಮತ್ತು ರಕ್ತ ಹೆಪ್ಪುಗಟ್ಟುವಿಕೆಗೆ ದಾರಿಮಾಡುತ್ತದೆ. ಅಂಥ ಮನೆಗೆ ಭೇಟಿಯಿತ್ತು ಇದನ್ನು ಹೇಳಲು ವಾರ್ಡಿನ ಸದಸ್ಯರಿಗಿಂತ ಸೂಕ್ತರು ವಿರಳ.

ಅಪಘಾತದ ಸುದ್ದಿ ಯಾವುದೇ ಇಲಾಖೆಗಿಂತ ಮುಂಚೆ ತಲುಪುವುದೂ ಸದಸ್ಯರಿಗೇ. ರೋಗಿ ಮನೆಗೆ ಬಂದ ವಾರದೊಳಗೆ ಮೂರು ಪ್ರಶ್ನೆ ಕೇಳಿದರೆ ಸಾಕು: ಎಷ್ಟು ಭಾರ ಹಾಕಲು ಹೇಳಿದ್ದಾರೆ, ಯಾವ ವ್ಯಾಯಾಮ ತಿಳಿಸಿದ್ದಾರೆ, ಮರುಭೇಟಿ ಎಂದು. ಉತ್ತರ ಗೊತ್ತಿಲ್ಲದಿದ್ದರೆ ಬಿಡುಗಡೆ ಪತ್ರವನ್ನು (ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ) ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಯವರಿಂದ ಓದಿಸಬಹುದು. ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ಮಾಹಿತಿ ನೀಡುವುದು ಸೂಕ್ತ. ವಾಕರ್, ಊರುಗೋಲುಗಳು ಪ್ರತಿ ಮನೆಗೂ ಕೆಲವೇ ತಿಂಗಳ ಮಟ್ಟಿಗೆ ಬೇಕಾಗುವವು. ಬಳಿಕ ಅಟ್ಟ ಸೇರುತ್ತವೆ. ಅವುಗಳನ್ನು ಸಂಗ್ರಹಿಸಿ, ವಹಿಯಲ್ಲಿ ನಮೂದಿಸಿ, ಎರವಲು ನೀಡುವ ವ್ಯವಸ್ಥೆಗೆ ಹೆಚ್ಚಿನ ಹಣ ಬೇಕಿಲ್ಲ. ವಿಕಲಚೇತನರಿಗೆ ಮೀಸಲಾದ ಶೇ. 5ರ ಮೊತ್ತವನ್ನು ಇದಕ್ಕೆ ಬಳಸಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರಬಹುದು, ಏಕೆಂದರೆ ತಾತ್ಕಾಲಿಕ ಗಾಯಾಳುಗಳು ಪ್ರಮಾಣಪತ್ರ ಹೊಂದಿದ ವಿಕಲಚೇತನರಲ್ಲ. ದಾನಿಗಳಿಂದ ಪಡೆಯುವುದೇ ಸುಲಭ ಮಾರ್ಗ.

ಕೊನೆಯದಾಗಿ ನಮ್ಮದೇ ಕಟ್ಟಡಗಳು. ಇಳಿಜಾರು ದಾರಿ 1:12ರ ಅನುಪಾತದಲ್ಲಿರಬೇಕು. ಎಂದರೆ ಕಚೇರಿಯ ನೆಲ ಅಂಗಳಕ್ಕಿಂತ 45 ಸೆಂ.ಮೀ. ಎತ್ತರವಿದ್ದರೆ ಇಳಿಜಾರಿನ ಉದ್ದ 5.4 ಮೀಟರ್. ಜಾಗವಿಲ್ಲವೆಂದು ಎರಡು ಮೀಟರಿನಲ್ಲಿ ಮುಗಿಸಿದ ಇಳಿಜಾರು ಫೋಟೊಗೆ ಸರಿ, ಊರುಗೋಲು ಹಿಡಿದವರಿಗೆ ಮೆಟ್ಟಿಲಿಗಿಂತ ಅಪಾಯ. ನೇರವಾಗಿ ಸ್ಥಳವಿಲ್ಲದಿದ್ದಲ್ಲಿ ಮಧ್ಯೆ ಸಮತಟ್ಟು ಬಿಟ್ಟು ತಿರುವು ಕೊಡಬಹುದು. ಸಾರ್ವಜನಿಕ ಶೌಚಾಲಯದಲ್ಲಿ ಒಂದು ಕೊಠಡಿಗಾದರೂ ಕುರ್ಚಿ ಮಾದರಿಯ ಕಮೋಡ್ ಮತ್ತು ಗೋಡೆಗೆ ಹಿಡಿಕಂಬಿ ಅಳವಡಿಸುವುದನ್ನು ಮುಂದಿನ ಕ್ರಿಯಾಯೋಜನೆಯ ಅಂದಾಜಿನಲ್ಲಿಯೇ ಸೇರಿಸಿದರೆ, ಆಮೇಲೆ ಗೋಡೆ ಒಡೆಯುವ ಪ್ರಸಂಗ ಬರುವುದಿಲ್ಲ.