ಕುಜನ ವಕ್ರಗತಿ

2024ರ ಡಿಸೆಂಬರ್ ಮೊದಲ ವಾರದಲ್ಲಿ ಮಂಗಳ ಗ್ರಹ, ಅಂದರೆ ಕುಜ, ಪುಷ್ಯ ನಕ್ಷತ್ರದ ಹತ್ತಿರ ಕೆಂಪಗೆ ಹೊಳೆಯುತ್ತಿತ್ತು. ತಿಂಗಳುಗಟ್ಟಲೆ ಪೂರ್ವದ ಕಡೆಗೇ ಸಾಗಿ ಬಂದಿದ್ದ ಗ್ರಹ ಅಲ್ಲಿ ನಿಂತೇಬಿಟ್ಟಿತು. ಆಮೇಲೆ ಹಿಂದಕ್ಕೆ, ಪಶ್ಚಿಮದತ್ತ ತಿರುಗಿತು. ಜನವರಿಯ ಕೊನೆಗೆ ಪುನರ್ವಸುವಿನ ಜೋಡಿ ತಾರೆಗಳ ಪಕ್ಕಕ್ಕೆ ಬಂದಿತ್ತು. ಫೆಬ್ರವರಿ ಕೊನೆಯ ವಾರ ಇನ್ನೊಮ್ಮೆ ನಿಂತು, ಪೂರ್ವಕ್ಕೆ ಮುಖಮಾಡಿ, ಮೇ ತಿಂಗಳ ಮೊದಲಿಗೆ ಪುನಃ ಪುಷ್ಯದ ಬಳಿ ಬಂತು. ಈ ಹಿನ್ನಡೆಗೆ ನಮ್ಮ ಪಂಚಾಂಗದವರು ವಕ್ರಗತಿ ಎನ್ನುತ್ತಾರೆ. ಇಂಗ್ಲಿಷಿನವರು ರೆಟ್ರೊಗ್ರೇಡ್ ಎನ್ನುತ್ತಾರೆ.

ಒಂದು ಗೊಂದಲ ಇಲ್ಲೇ ಬಗೆಹರಿಯಲಿ. ದಿನವೂ ಗ್ರಹ, ತಾರೆಗಳು ಪೂರ್ವದಲ್ಲಿ ಹುಟ್ಟಿ ಪಶ್ಚಿಮದಲ್ಲಿ ಮುಳುಗುವುದು ಭೂಮಿ ತನ್ನ ಸುತ್ತ ತಾನು ತಿರುಗುವುದರಿಂದ. ಇಲ್ಲಿ ಹೇಳುತ್ತಿರುವುದು ಅದನ್ನಲ್ಲ. ಹಿನ್ನೆಲೆಯ ತಾರೆಗಳಿಗೆ ಹೋಲಿಸಿದರೆ ಗ್ರಹದ ಜಾಗ ರಾತ್ರಿಯಿಂದ ರಾತ್ರಿಗೆ ಎತ್ತ ಸರಿಯಿತು ಎಂಬುದನ್ನು.

ಮಂಗಳ ನಿಜಕ್ಕೂ ಹಿಂದೆ ಹೋಗುವುದಿಲ್ಲ. ಭೂಮಿ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಸೂರ್ಯನನ್ನು ಸುತ್ತಿದರೆ, ಹೊರಗಿನ ಕಕ್ಷೆಯ ಮಂಗಳದ ವೇಗ ಸುಮಾರು 24 ಕಿ.ಮೀ. ಅದರ ವರ್ಷಕ್ಕೆ ನಮ್ಮ 687 ದಿನ. ಹೀಗಾಗಿ ಸರಾಸರಿ 780 ದಿನಗಳಿಗೊಮ್ಮೆ ನಾವು ಅದನ್ನು ಒಳಬದಿಯಿಂದ ಹಿಂದೆ ಹಾಕುತ್ತೇವೆ. ಹೆದ್ದಾರಿಯಲ್ಲಿ ನಮ್ಮ ಬಸ್ಸು ಲಾರಿಯೊಂದನ್ನು ದಾಟುವಾಗ ದೂರದ ಗುಡ್ಡದ ಎದುರಿಗೆ ಲಾರಿ ಹಿಂದೆ ಸರಿದ ಹಾಗೆ ಕಾಣುತ್ತದಲ್ಲ, ಹಾಗೆಯೇ ಇದು. ಎರಡು ತಿಂಗಳಿಂದ ಎರಡೂವರೆ ತಿಂಗಳವರೆಗೆ ಈ ನೋಟ ಇರುತ್ತದೆ. ನಾವು ಮಂಗಳದ ಅತಿ ಸಮೀಪ ಇರುವುದೂ ಆಗಲೇ ಆದ್ದರಿಂದ ವಕ್ರದ ನಟ್ಟನಡುವೆ ಅದು ಅತ್ಯಂತ ಪ್ರಕಾಶಮಾನವಾಗಿರುತ್ತದೆ. ವಕ್ರ ಎಂದರೆ ಕೆಡುಕು ಎಂದು ಅಂಜುವವರು ಆ ದಿನಗಳಲ್ಲಿ ತಲೆಯೆತ್ತಿ ನೋಡಬೇಕು, ಮಂಗಳ ಅಷ್ಟು ಚೆಲುವಾಗಿ ಬೇರೆ ಕಾಲದಲ್ಲಿ ಕಾಣುವುದಿಲ್ಲ.

ಭೂಮಿಯೇ ನಡುವೆ ನಿಂತಿದೆ ಎಂದು ನಂಬಿದ್ದವರಿಗೆ ಈ ಹಿನ್ನಡೆ ಬಿಡಿಸಲು ಕಷ್ಟವಾದ ಒಗಟಾಗಿತ್ತು. ಗ್ರೀಕ್ ಸಂಪ್ರದಾಯದ ಟಾಲೆಮಿ ದೊಡ್ಡ ವೃತ್ತದ ಮೇಲೆ ಸಣ್ಣ ವೃತ್ತವನ್ನಿಟ್ಟು ಲೆಕ್ಕ ಹೊಂದಿಸಿದ. ನಮ್ಮ ಸಿದ್ಧಾಂತಿಗಳೂ ಶೀಘ್ರ ಎಂಬ ವೃತ್ತದಿಂದ ಇದನ್ನು ಗಣಿಸುತ್ತಿದ್ದರು. ಸೂರ್ಯಸಿದ್ಧಾಂತವೆಂಬ ಗ್ರಂಥವಂತೂ ಗ್ರಹಗಳ ಗತಿಯನ್ನು ವಕ್ರ, ಕುಟಿಲ, ಮಂದ, ಸಮ, ಶೀಘ್ರ ಮೊದಲಾಗಿ ಎಂಟು ಬಗೆಯಾಗಿ ವಿಂಗಡಿಸುತ್ತದೆ. ಬರಿಗಣ್ಣಿನಿಂದ ಇಷ್ಟು ಸೂಕ್ಷ್ಮವಾಗಿ ನೋಡಿದವರ ತಾಳ್ಮೆಗೆ ನಾನು ತಲೆಬಾಗುತ್ತೇನೆ. 1543ರಲ್ಲಿ ಕೋಪರ್ನಿಕಸ್ ಸೂರ್ಯನನ್ನು ನಡುವೆ ಇಟ್ಟ ಮೇಲೆ ಹಿನ್ನಡೆಗೆ ಬೇರೆ ವಿವರಣೆಯೇ ಬೇಕಾಗಲಿಲ್ಲ. ಟೈಕೊ ಬ್ರಾಹೆ ಬರೆದಿಟ್ಟಿದ್ದ ಮಂಗಳದ ಸ್ಥಾನಗಳನ್ನು ಹಿಡಿದು ಕೆಪ್ಲರ್ 1609ರಲ್ಲಿ ಕಕ್ಷೆ ದೀರ್ಘವೃತ್ತವೆಂದು ತೋರಿಸಿದ.

ಈ ನೋಟ ಮಂಗಳಕ್ಕಷ್ಟೇ ಅಲ್ಲ. ಗುರು ಸುಮಾರು ನಾಲ್ಕು ತಿಂಗಳು, ಶನಿ ಇನ್ನೂ ತುಸು ಹೆಚ್ಚು ಕಾಲ ವಕ್ರವಾಗಿರುತ್ತವೆ. ಬುಧ ವರ್ಷಕ್ಕೆ ಮೂರು ಸಲ, ಕೆಲವೊಮ್ಮೆ ನಾಲ್ಕು ಸಲ.

ಆದರೆ ಇಂಗ್ಲಿಷಿನ ಅದೇ ರೆಟ್ರೊಗ್ರೇಡ್ ಪದವನ್ನು ಖಗೋಳ ವಿಜ್ಞಾನಿಗಳು ನಿಜವಾದ ಹಿಮ್ಮುಖ ಚಲನೆಗೂ ಬಳಸುತ್ತಾರೆ. ಓದುವಾಗ ಎಡವುವುದು ಇಲ್ಲೇ. ಶುಕ್ರ ಸೂರ್ಯನನ್ನು ಸುತ್ತುವುದು ಉಳಿದ ಗ್ರಹಗಳ ದಿಕ್ಕಿನಲ್ಲೇ, ಆದರೆ ತನ್ನ ಸುತ್ತ ತಾನು ತಿರುಗುವುದು ತಿರುಗುಮುರುಗಾಗಿ, ಅದೂ 243 ದಿನಕ್ಕೆ ಒಂದು ಸುತ್ತು. ಅಲ್ಲಿ ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ. ನೆಪ್ಚೂನಿನ ದೊಡ್ಡ ಚಂದ್ರ ಟ್ರೈಟನ್ ತನ್ನ ಗ್ರಹ ತಿರುಗುವ ದಿಕ್ಕಿಗೆ ಎದುರಾಗಿ ಸುಮಾರು ಆರು ದಿನಕ್ಕೊಮ್ಮೆ ಸುತ್ತುತ್ತದೆ. ಜೊತೆಯಲ್ಲೇ ಹುಟ್ಟಿದ್ದರೆ ಹೀಗಿರಲು ಸಾಧ್ಯವಿಲ್ಲ. ಎಲ್ಲಿಂದಲೋ ಬಂದು ನೆಪ್ಚೂನಿನ ಸೆಳೆತಕ್ಕೆ ಸಿಕ್ಕಿಕೊಂಡದ್ದು ಎಂದೇ ವಿಜ್ಞಾನಿಗಳ ಎಣಿಕೆ. 1986ರಲ್ಲಿ ಬಂದುಹೋದ, 2061ರಲ್ಲಿ ಮತ್ತೆ ಬರಲಿರುವ ಹ್ಯಾಲಿ ಧೂಮಕೇತು ಕೂಡ ಗ್ರಹಗಳಿಗೆ ಎದುರು ದಿಕ್ಕಿನಲ್ಲೇ ಸೂರ್ಯನನ್ನು ಬಳಸುತ್ತದೆ. ಮಂಗಳದ ಹಿನ್ನಡೆ ನಮ್ಮ ಕಣ್ಣಿಗೆ ಕಾಣುವ ನೋಟ. ಇವುಗಳದ್ದು ಎಲ್ಲಿ ನಿಂತು ನೋಡಿದರೂ ಬದಲಾಗದ ನಡೆ.

ಮಂಗಳದ ಮುಂದಿನ ವಕ್ರ 2027ರ ಜನವರಿಯಲ್ಲಿ ಶುರುವಾಗಿ ಏಪ್ರಿಲ್ ಆರಂಭಕ್ಕೆ ಮುಗಿಯುತ್ತದೆ. ಫೆಬ್ರವರಿ 19ರಂದು ಅದು ಸೂರ್ಯನಿಗೆ ನೇರ ಎದುರಿಗಿರುತ್ತದೆ. ಮಖಾ ನಕ್ಷತ್ರವನ್ನು ಗುರುತು ಹಿಡಿದು, ವಾರಕ್ಕೊಮ್ಮೆ ಅದರ ಅಕ್ಕಪಕ್ಕ ಮಂಗಳ ಎಲ್ಲಿದೆ ಎಂದು ಹಾಳೆಯ ಮೇಲೆ ಒಂದೊಂದು ಚುಕ್ಕೆ ಇಡಿ. ದೂರದರ್ಶಕ ಬೇಕಿಲ್ಲ, ಮನೆಯ ಮಕ್ಕಳನ್ನೂ ಜೊತೆಗೆ ಕರೆಯಿರಿ.