ಎರಡನೆಯ ಹಾರ್ಡ್ ಡಿಸ್ಕ್

ಗಣಕಯಂತ್ರಕ್ಕೆ ಜೋಡಿಸಿದ ಎರಡನೆಯ ಹಾರ್ಡ್ ಡಿಸ್ಕ್ ಕಾಣಿಸದಿದ್ದರೆ, ಅದು ಕೆಟ್ಟಿದೆಯೆಂದು ತೀರ್ಮಾನಿಸುವುದು ಆತುರವೇ ಸರಿ. 2003ರಲ್ಲಿ ಸಾಟಾ ಪದ್ಧತಿ ಬರುವವರೆಗೆ, ಸಾಮಾನ್ಯವಾಗಿ ಒಂದೇ ಪಟ್ಟಿತಂತಿಗೆ ಎರಡು ಡಿಸ್ಕುಗಳು ಸೇರುತ್ತಿದ್ದವು. ಜಂಪರ್ ಎಂಬ ಪುಟ್ಟ ಬಿಲ್ಲೆಯಿಂದ ಒಂದನ್ನು ‘ಮಾಸ್ಟರ್’, ಮತ್ತೊಂದನ್ನು ‘ಸ್ಲೇವ್’ ಎಂದು ಗೊತ್ತುಪಡಿಸಬೇಕಾಗಿತ್ತು. ಎರಡೂ ಮಾಸ್ಟರ್ ಆದರೆ, ಒಂದೇ ಹೆಸರಿಗೆ ಇಬ್ಬರು ಓಗೊಟ್ಟಂತಾಗಿ, ಕೆಲವೊಮ್ಮೆ ಹಳೆಯ ಡಿಸ್ಕೂ ಮರೆಯಾಗುತ್ತಿತ್ತು! ಸಾಟಾದಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕ ತಂತಿಯುಂಟು, ಈ ತೊಡಕಿಲ್ಲ.

ಮೊದಲು ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ತಂತಿಗಳನ್ನು ಬಿಗಿಯಾಗಿ ಕೂಡಿಸಿ, ಅನಂತರ ಯಂತ್ರವನ್ನು ನಡೆಸಿ ಬಯೋಸ್ ಪಟ್ಟಿಯನ್ನು ನೋಡಬೇಕು. ಅಲ್ಲಿ ಹೆಸರಿದ್ದೂ ವಿಂಡೋಸಿನಲ್ಲಿ ಕಾಣದ ಹೊಸ ಡಿಸ್ಕಿಗೆ ಬಹುಮಟ್ಟಿಗೆ ವಿಭಜನೆ, ಫಾರ್ಮ್ಯಾಟ್ ಆಗಿರುವುದಿಲ್ಲ. ಕಡತಗಳುಳ್ಳ ಹಳೆಯ ಡಿಸ್ಕನ್ನು ಜೋಡಿಸಿದಾಗ ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಯಂತ್ರವು ಕೇಳಿದರೆ ಮಾತ್ರ ಒಪ್ಪಕೂಡದು, ಅದರಲ್ಲಿರುವುದೆಲ್ಲ ಕೈತಪ್ಪಿಹೋದೀತು.