ಭಿನ್ನರಾಶಿಯ ಲೆಕ್ಕಗಳಲ್ಲಿ ಭಾಗ ಮತ್ತು ಶೇಷ

ಲಘುತಮ ಸಾಮಾನ್ಯ ಅಪವರ್ತ್ಯವನ್ನೂ ಭಿನ್ನರಾಶಿಯನ್ನೂ ಪ್ರಾಥಮಿಕ ಶಾಲೆಗಳಲ್ಲಿ ಬೇರೆಬೇರೆ ಪಾಠಗಳಾಗಿ ಬೋಧಿಸುವುದು ವಾಡಿಕೆ. ಇವೆರಡೂ ಸಂಧಿಸುವ ವಾಕ್ಯರೂಪದ ಲೆಕ್ಕಗಳಲ್ಲಿ ವಿದ್ಯಾರ್ಥಿಯು ಎಡವುವುದು ಬಹುಮಟ್ಟಿಗೆ ಗುಣಾಕಾರದಲ್ಲಲ್ಲ, ಪ್ರಶ್ನೆಯ ಒಂದು ಪದದಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಬೆಂಗಳೂರಿನ ತಿಲಕ್ ನಗರದ ಹಣ್ಣಿನ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳೋಣ. ವ್ಯಾಪಾರಿಯು ತನ್ನಲ್ಲಿದ್ದ ಕಿತ್ತಳೆಗಳಲ್ಲಿ ಮೂರನೆಯ ಒಂದು ಭಾಗವನ್ನು ಬೆಳಿಗ್ಗೆ, ಒಟ್ಟಿನ ಕಾಲು ಭಾಗವನ್ನು ಸಂಜೆ ಮಾರಿದನು, 30 ಉಳಿದವು. ಮೊದಲಿದ್ದವೆಷ್ಟು? 3 ಮತ್ತು 4ರ ಲ.ಸಾ.ಅ. 12. ಹಣ್ಣುಗಳನ್ನೆಲ್ಲ 12 ಸಮಪಾಲುಗಳೆಂದು ಭಾವಿಸಿದರೆ, 4 ಪಾಲೂ 3 ಪಾಲೂ ಕಳೆದು 5 ಪಾಲು ಉಳಿಯುತ್ತವೆ. ಪಾಲೊಂದಕ್ಕೆ 6ರಂತೆ ಮೊತ್ತ 72. ಬೀಜಗಣಿತವನ್ನರಿಯದ ಬಾಲಕನೂ ಇದನ್ನು ಮಾಡಬಲ್ಲನು.

ಸಂಜೆ ಮಾರಿದುದು 'ಉಳಿದುದರಲ್ಲಿ ಕಾಲು ಭಾಗ'ವಾದರೋ? ಬೆಳಿಗ್ಗೆ 4 ಪಾಲು ಹೋಗಿ 8 ನಿಂತವು, ಅವುಗಳ ಕಾಲು ಭಾಗ 2, ಉಳಿದವು 6. ಪಾಲಿಗೆ 5ರಂತೆ ಮೊತ್ತ 60. ನಮ್ಮ ಅಭ್ಯಾಸಪುಸ್ತಕಗಳಲ್ಲಿ ಕೆಲವೊಮ್ಮೆ 'ಅದರಲ್ಲಿ ಕಾಲು ಭಾಗ' ಎಂದಷ್ಟೇ ಬರೆದಿರುತ್ತದೆ. 'ಅದು' ಯಾವುದು? ಒಟ್ಟೇ, ಉಳಿದುದೇ, ಬೆಳಿಗ್ಗೆ ಮಾರಿದುದೇ? ಇಂತಹ ಪ್ರಶ್ನೆಗೆ ಯುಕ್ತವಾಗಿ 60 ಎಂದುತ್ತರಿಸಿದ ಬಾಲಕನು ಅಂಕಗಳನ್ನು ಕಳೆದುಕೊಂಡರೆ ದೋಷವು ಪ್ರಶ್ನೆಯದು, ಅವನದಲ್ಲ.

ಈ ಭೇದವು ಕನ್ನಡ ನಾಡಿನ ಗಣಿತಕ್ಕೆ ಹೊಸತಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದ ಪ್ರಕೀರ್ಣಕ ವ್ಯವಹಾರದಲ್ಲಿ ಭಾಗಜಾತಿ, ಶೇಷಜಾತಿ ಎಂದು ಇವು ಪ್ರತ್ಯೇಕ ವರ್ಗಗಳಾಗಿಯೇ ಇವೆ. ನಾವು ಲ.ಸಾ.ಅ. ಎನ್ನುವುದಕ್ಕೆ ಅವನಿತ್ತ ಹೆಸರು 'ನಿರುದ್ಧ'. ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಈ ಗ್ರಂಥವನ್ನು ಪ್ರಕಟಿಸಿದರು. ಅಧ್ಯಾಪಕರು ಇದನ್ನೊಮ್ಮೆ ತೆರೆದು ನೋಡುವುದು ಒಳಿತು.

ನಿರುದ್ಧವು ಒಂದೇ ಪೂರ್ಣದ ಭಾಗಗಳಿಗೆ ಸಲ್ಲುವ ಉಪಾಯ. ಶೇಷಜಾತಿಯಲ್ಲಿ ಪ್ರತಿಯೊಂದು ಭಿನ್ನಕ್ಕೂ ಪೂರ್ಣವೇ ಬದಲಾಗುತ್ತದೆ. ಆದುದರಿಂದ ಅಲ್ಲಿ ಪ್ರತಿ ಭಿನ್ನವನ್ನೂ 1ರಿಂದ ಕಳೆದು, ಬಂದ ಶೇಷಗಳನ್ನು ಗುಣಿಸಿ, ಆ ಗುಣಲಬ್ಧದಿಂದ ಉಳಿದ ರಾಶಿಯನ್ನು ಭಾಗಿಸುವುದು ಮಹಾವೀರನ ಕ್ರಮ. ಮೇಲಿನ ಲೆಕ್ಕದಲ್ಲಿ 2/3 × 3/4 = 1/2; ಅರ್ಧವೇ 30 ಆದುದರಿಂದ ಮೊತ್ತ 60. ಅಲ್ಲಿ 12 ಪಾಲುಗಳು ಸಾಕಾದುದು ಸಂಖ್ಯೆಗಳ ಅನುಕೂಲದಿಂದ ಮಾತ್ರ. ಮೊದಲು 1/6, ಬಳಿಕ ಉಳಿದುದರ 1/8 ಎಂದಿಟ್ಟುಕೊಳ್ಳಿರಿ. ಲ.ಸಾ.ಅ. 24, 4 ಪಾಲು ಹೋಗಿ 20 ಉಳಿದವು, ಅವುಗಳ ಎಂಟನೆಯ ಒಂದು ಭಾಗ ಎರಡೂವರೆ. ಇಲ್ಲಿಗೆ ವಿದ್ಯಾರ್ಥಿಯು ಸ್ಲೇಟನ್ನು ಕೆಳಗಿಡುತ್ತಾನೆ. ಪಾಲುಗಳನ್ನು 48 ಎಂದಿಟ್ಟರೆ 8 ಹೋಗಿ 40, ಮತ್ತೆ 5 ಹೋಗಿ 35.